ಜೂನ್ ಒಂದರಂದು ಹುಟ್ಟಿದವರು

ನಿಮ್ಮ ಮನೆಯಲ್ಲಿ ಅಜ್ಜನೋ ದೊಡ್ಡಪ್ಪನೋ ಸೋದರತ್ತೆಯೋ ಇದ್ದರೆ, ಅವರ ಶಾಲೆಯ ಸರ್ಟಿಫಿಕೇಟನ್ನು ಒಮ್ಮೆ ಕೇಳಿ ಪಡೆದು ನೋಡಿ. ಹುಟ್ಟಿದ ದಿನಾಂಕ ಎಂಬಲ್ಲಿ ‘ಜೂನ್ 1’ ಎಂದು ಬರೆದಿರುವ ಸಾಧ್ಯತೆ ಬಹಳ ಉಂಟು. ನನ್ನ ತಂದೆಯವರದು ಜೂನ್ 1. ಅವರ ಇಬ್ಬರು ತಮ್ಮಂದಿರದೂ ಜೂನ್ 1. ಒಬ್ಬ ತಾಯಿ ಮೂರು ಗಂಡುಮಕ್ಕಳನ್ನು ಬೇರೆ ಬೇರೆ ವರ್ಷಗಳಲ್ಲಿ ಸರಿಯಾಗಿ ಒಂದೇ ತಾರೀಖಿಗೆ ಹೆತ್ತಳೆಂದರೆ ವಿಜ್ಞಾನ ಓದಿದ ನನಗೆ ನಂಬುವುದು ಕಷ್ಟ. ನಿಜ ಸಂಗತಿ ನಿಮಗೂ ಗೊತ್ತಿರಬಹುದು. ಮಗುವನ್ನು ಶಾಲೆಗೆ ಕರೆತಂದ ತಂದೆ “ಜೋಳಾ ಕೊಯ್ಯೂ ಮುಂದ ಹುಟ್ಟ್ಯಾನ್ರೀ ಮಾಸ್ತರ” ಎನ್ನುತ್ತಿದ್ದ. ಮಾಸ್ತರರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೆಂದರೆ ವಯಸ್ಸು ಆಯಿತು. ಆಮೇಲೆ ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆಯುತ್ತಿದ್ದರು, ಏಕೆಂದರೆ ಒಂದನೆಯ ತರಗತಿಗೆ ಸೇರುವ ವಯಸ್ಸನ್ನು ಲೆಕ್ಕ ಹಾಕುತ್ತಿದ್ದುದು ಆ ದಿನಕ್ಕೆ.

ಕಿವಿ ಮುಟ್ಟಿಸುವ ಪರೀಕ್ಷೆಯನ್ನು ನೋಡಿ ನಗಬೇಡಿ. ಎಳೆಯ ಮಗುವಿನ ತಲೆ ದೊಡ್ಡದು, ತೋಳು ಗಿಡ್ಡ. ಐದಾರು ವರ್ಷವಾಗುವಾಗ ತೋಳು ಬೆಳೆದು ಆಚೆಯ ಕಿವಿಗೆ ನಿಲುಕುತ್ತದೆ. ಗಡಿಯಾರ, ಪಂಚಾಂಗ ಯಾವುದೂ ಬೇಡದ ಅಳತೆ ಅದು. ಅದರ ಪಕ್ಕದಲ್ಲೇ ಬರೆದ ಜೂನ್ 1 ಮಾತ್ರ ಇನ್ನೊಂದು ಲೋಕದಿಂದ ಬಂದದ್ದು. ಆ ತಾರೀಖು ನಮ್ಮ ಧಾರವಾಡ-ಹುಬ್ಬಳ್ಳಿಯ ಶಾಲೆಗಳಿಗೆ ಎಲ್ಲಿಂದ ಬಂತು, ಯಾರ ಅನುಕೂಲಕ್ಕೆ ಬಂತು ಎಂಬುದೇ ಈ ಲೇಖನದ ವಿಷಯ.

ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಏನು ಕಲಿಸುತ್ತಾರೆ ಎಂದು ಕಲೆಕ್ಟರುಗಳಿಂದ ವರದಿ ಕೇಳಿದ. ಬಳ್ಳಾರಿ ಆಗ ಮದರಾಸಿಗೆ ಸೇರಿತ್ತು. ಅಲ್ಲಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರಲ್ಲಿ ಕಳಿಸಿದ ವರದಿ ಕನ್ನಡ ನಾಡಿನ ಹಳೆಯ ಶಾಲೆಗಳ ಬಗ್ಗೆ ನಮಗೆ ಸಿಗುವ ಒಳ್ಳೆಯ ದಾಖಲೆಗಳಲ್ಲಿ ಒಂದು. ಆತ ಎಣಿಸಿದ್ದು 533 ಶಾಲೆಗಳನ್ನು. ಮಗುವಿಗೆ ಐದು ವರ್ಷ ತುಂಬಿದಾಗ ಗುರುವೂ ಶಾಲೆಯ ಮಕ್ಕಳೂ ಮಗುವಿನ ಮನೆಗೇ ಬರುತ್ತಿದ್ದರು. ಗಣಪತಿಯ ಎದುರು ಕೂಡಿಸಿ, ಗುರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುತ್ತಿದ್ದ. ಮರುದಿನದಿಂದ ಶಾಲೆ ಬೆಳಿಗ್ಗೆ ಆರಕ್ಕೇ ಶುರು. ಮೊದಲು ಬಂದ ಮಗುವಿನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯ ಮಗುವಿಗೆ ಸೊನ್ನೆ. ಅಲ್ಲಿಂದ ಮುಂದೆ ತಡವಾಗಿ ಬಂದವರಿಗೆ, ಬಂದ ಸರದಿಯಂತೆ ಒಂದೊಂದು ಹೆಚ್ಚು ಏಟು!

ಇದರಲ್ಲಿ ನಾವು ಗಮನಿಸಬೇಕಾದ ಮಾತು ಒಂದಿದೆ. ಈ ಶಾಲೆಗಳಿಗೆ ‘ವರ್ಷದ ಆರಂಭ’ ಎಂಬ ದಿನವೇ ಇರಲಿಲ್ಲ. ಪ್ರತಿ ಮಗುವಿನ ಓದು ಅದರದೇ ವಯಸ್ಸಿಗೆ, ಅದರದೇ ಮನೆಯ ಒಳ್ಳೆಯ ದಿನಕ್ಕೆ ಆರಂಭವಾಗುತ್ತಿತ್ತು. ಒಬ್ಬ ಕಾಗುಣಿತದಲ್ಲಿದ್ದರೆ ಇನ್ನೊಬ್ಬ ಮಗ್ಗಿಯಲ್ಲಿ. ಎಲ್ಲರೂ ಒಟ್ಟಿಗೆ ‘ಪಾಸಾಗುವ’ ಪ್ರಶ್ನೆ ಇಲ್ಲ. ಬಿಡುವು ಕೂಡ ತಿಥಿಯನ್ನು ನೋಡಿ: ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ, ಅಷ್ಟಮಿ ಇಂಥ ದಿನಗಳಲ್ಲಿ ಪಾಠ ಹೇಳಬಾರದೆಂಬ ‘ಅನಧ್ಯಾಯ’ದ ಪದ್ಧತಿ ವೇದಪಾಠದಲ್ಲಿ ಬಹಳ ಹಳೆಯದು. ನಮ್ಮ ಭಾಗದಲ್ಲಿ ಇಂಥ ಶಾಲೆಗಳಿಗೆ ಗಾವಠಿ ಶಾಲೆ ಎನ್ನುತ್ತಿದ್ದರು, ಮಠ ಎಂದೂ ಕರೆಯುತ್ತಿದ್ದರು. ಶಾಲೆಯೆಂದರೆ ಮಠ ಎಂಬ ರೂಢಿ ಎಷ್ಟು ಗಟ್ಟಿಯಾಗಿತ್ತೆಂದರೆ, 1860ರ ದಶಕದಲ್ಲಿ ಮುಂಬಯಿ ಕರ್ನಾಟಕದ ಶಿಕ್ಷಕರಿಗಾಗಿ ಹೊರಟ ಪತ್ರಿಕೆಯ ಹೆಸರೇ ‘ಮಠಪತ್ರಿಕೆ’.

ಆ ಹೊತ್ತಿಗೆ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿ ನಾಲ್ಕು ದಶಕ ಆಗಿತ್ತು. 1855ರಲ್ಲಿ ಮುಂಬಯಿಯಲ್ಲಿ ಸರ್ಕಾರಿ ವಿದ್ಯಾ ಇಲಾಖೆ ಹುಟ್ಟಿತು, 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ, 1859ರಲ್ಲಿ ಅದರ ಮೊದಲ ಮೆಟ್ರಿಕ್ಯುಲೇಷನ್ ಪರೀಕ್ಷೆ. ಪರೀಕ್ಷೆ ಬಂತೆಂದರೆ ಅದಕ್ಕೆ ಒಂದು ದಿನ ಬೇಕು. ಆ ದಿನಕ್ಕೆ ಎಲ್ಲರೂ ಒಂದೇ ಪಾಠ ಮುಗಿಸಿರಬೇಕು, ಅಂದರೆ ಎಲ್ಲರೂ ಒಟ್ಟಿಗೆ ಆರಂಭಿಸಿರಬೇಕು. ಡೆಪ್ಯುಟಿ ಇನ್‌ಸ್ಪೆಕ್ಟರರು ವರ್ಷಕ್ಕೊಮ್ಮೆ ಬಂದು ಮಕ್ಕಳನ್ನು ಪರೀಕ್ಷಿಸುವ ಪದ್ಧತಿಯೂ ಇದಕ್ಕೆ ಕೂಡಿಕೊಂಡಿತು. ಮರಾಠಿಯೇ ಮೇಲಾಗಿದ್ದ ಕಾಲದಲ್ಲಿ ಈ ಭಾಗದ ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಿದ ಡೆಪ್ಯುಟಿ ಚನ್ನಬಸಪ್ಪನವರ (1834–1881) ಹೆಸರಿನ ಹಿಂದಿರುವ ‘ಡೆಪ್ಯುಟಿ’ ಎಂಬುದು ಇದೇ ಹುದ್ದೆ. ಶಾಲೆಯ ವರ್ಷ ಎಂಬುದು ಹೀಗೆ, ಪರೀಕ್ಷೆಯ ಬಾಲ ಹಿಡಿದು ಬಂದದ್ದು. ಪರೀಕ್ಷೆಯ ಕಾಲ ಬಂದಾಗ ನಿಮಗೆ ಏನನ್ನಿಸುತ್ತದೆಯೋ ಆ ಸಿಟ್ಟನ್ನು 1857ರ ಕಡೆಗೂ ಸ್ವಲ್ಪ ತಿರುಗಿಸಬಹುದು.

ಆದರೆ ಜೂನ್ ತಿಂಗಳೇ ಏಕೆ? ಇಲ್ಲಿ ಸೂರ್ಯನನ್ನು ಕೇಳಬೇಕಾಗುತ್ತದೆ. ಧಾರವಾಡ ಇರುವುದು ಉತ್ತರ ಅಕ್ಷಾಂಶ ಸುಮಾರು ಹದಿನೈದೂವರೆ ಡಿಗ್ರಿಯಲ್ಲಿ. ಉತ್ತರಕ್ಕೆ ಸರಿಯುವ ಸೂರ್ಯ ಮೇ ಮೊದಲ ವಾರದಲ್ಲಿ ಮಧ್ಯಾಹ್ನ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಅಂದು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿದ ಕೋಲಿಗೆ ಕ್ಷಣಕಾಲ ನೆರಳೇ ಇರುವುದಿಲ್ಲ. (ಶಾಲೆಗೆ ಸೂಟಿ ಇರುವುದರಿಂದ ಈ ಪ್ರಯೋಗವನ್ನು ಮಾಡಿ ತೋರಿಸಲು ಮಾಸ್ತರರೇ ಸಿಗುವುದಿಲ್ಲ ಎಂಬುದು ನನ್ನ ಹಳೆಯ ದೂರು.) ಅದಾದ ಒಂದು ತಿಂಗಳಿಗೆ ಮುಂಗಾರು ಬರುತ್ತದೆ. ಇಂಗ್ಲಿಷ್ ಅಧಿಕಾರಿಗಳಿಗೆ ಈ ಎರಡು ತಿಂಗಳ ಸೆಕೆ ತಡೆಯುತ್ತಿರಲಿಲ್ಲ. ಅವರು ಮಹಾಬಳೇಶ್ವರದಂಥ ಬೆಟ್ಟಗಳಿಗೆ ಹೊರಟು ನಿಂತರೆ ಕಚೇರಿ, ಕೋರ್ಟುಗಳ ವರ್ಷವೂ ಅದಕ್ಕೆ ಹೊಂದಿಕೊಳ್ಳುತ್ತಿತ್ತು. ನ್ಯಾಯಾಲಯಗಳಿಗೆ ಇಂದಿಗೂ ಬೇಸಿಗೆ ರಜೆ ಇದೆ, ಧಾರವಾಡದ ಹೈಕೋರ್ಟ್ ಪೀಠವೂ ಸೇರಿ. ಮಳೆ ಬಿದ್ದು ನೆಲ ತಣಿದ ಮೇಲೆ ಶಾಲೆ, ಕಾಲೇಜು ತೆರೆಯುವುದು ಮುಂಬಯಿ ಪ್ರಾಂತದ ರೂಢಿಯಾಯಿತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದಾಗಲೂ ಅದು ಸೇರಿದ್ದು ಮುಂಬಯಿ ವಿಶ್ವವಿದ್ಯಾಲಯಕ್ಕೆ. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ನಮ್ಮ ಕಾಲೇಜುಗಳ ಅವಧಿಗಳು ನಿರ್ಣಯವಾಗುತ್ತಿದ್ದುದು ಅರಬ್ಬೀ ಸಮುದ್ರದ ದಂಡೆಯಲ್ಲಿ.

ಸೆಕೆಯ ಲೆಕ್ಕದಲ್ಲಿಯೂ ಒಂದು ತೊಡಕಿದೆ. ಧಾರವಾಡದಲ್ಲಿ ಮೇಗಿಂತ ಏಪ್ರಿಲ್ ತಿಂಗಳೇ ಹೆಚ್ಚು ಬಿಸಿ. ಮೇ ತಿಂಗಳಲ್ಲಿ ಗುಡುಗಿನೊಡನೆ ಬರುವ ಅಡ್ಡಮಳೆ ನೆಲವನ್ನು ತುಸು ತಂಪು ಮಾಡಿಬಿಡುತ್ತದೆ. ಹೀಗಾಗಿ ವರ್ಷದ ಅತಿ ಕಷ್ಟದ ಕೆಲಸವಾದ ಪರೀಕ್ಷೆ ನಡೆಯುವುದು ಬಿಸಿಲು ಏರುವ ಮಾರ್ಚ್-ಏಪ್ರಿಲ್‌ನಲ್ಲೇ. ಬೆಳಗಿನ ಶಾಲೆ ಎಂಬ ನಮ್ಮ ಕಡೆಯ ರೂಢಿ ಇದಕ್ಕೆ ಕಂಡುಕೊಂಡ ಉಪಾಯ. ವಿಜಯಪುರ, ಕಲಬುರಗಿಯ ಕಡೆ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಕೂಡ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದುಂಟು.

ಮೇಲೆ ‘ಸೂಟಿ’ ಎಂಬ ಮಾತು ಬಂತು. ಬೆಂಗಳೂರಿನಲ್ಲಿ ‘ರಜೆ’, ಇಲ್ಲಿ ‘ಸೂಟಿ’. ರಜೆ ಎಂಬುದು ಅರಬ್ಬಿ-ಫಾರಸಿಯಿಂದ ಬಂದ ಶಬ್ದ. ಅದರ ಮೂಲದಲ್ಲಿ ಒಪ್ಪಿಗೆ, ಅನುಮತಿ ಎಂಬ ಅರ್ಥವಿದೆ, ಮೇಲಿನವರು ಕೊಡುವುದು. ಸೂಟಿ ಬಂದದ್ದು ಮರಾಠಿಯ ಸುಟ್ಟಿಯಿಂದ, ಅಂದರೆ ಬಿಡುಗಡೆ. ಶಬ್ದಗಳಂತೆ ಬಿಡುವಿನ ದಿನಗಳೂ ಬೇರೆಯಾಗಿದ್ದವು. ಮೈಸೂರು ಸಂಸ್ಥಾನದಲ್ಲಿ ದಸರೆ ಅರಮನೆಯ ಹಬ್ಬ, ನಾಡಿನ ಹಬ್ಬ. ಅಲ್ಲಿಯ ನಡುವರ್ಷದ ದೊಡ್ಡ ಬಿಡುವು ದಸರೆಗೆ. ಮುಂಬಯಿ ಪ್ರಾಂತದಲ್ಲಿ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ತೆರೆಯುವ ದೀಪಾವಳಿಗೆ ಮಹತ್ವ ಹೆಚ್ಚು. ಹುಬ್ಬಳ್ಳಿಯಂಥ ಪೇಟೆಯ ಊರಿನ ಹಿರಿಯರು ಇಂದಿಗೂ ‘ದೀಪಾವಳಿ ಸೂಟಿ’ ಎನ್ನುವುದನ್ನು ನೀವು ಕೇಳಿರಬಹುದು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರಗಳ ಕಥೆ ಇನ್ನೂ ಬೇರೆ. ಅಲ್ಲಿ ಸರ್ಕಾರದ ಕಾಗದಪತ್ರಗಳಲ್ಲಿ ಫಸಲಿ ವರ್ಷ ನಡೆಯುತ್ತಿತ್ತು, ವಾರದ ಬಿಡುವು ಶುಕ್ರವಾರ.

1956ರ ನವೆಂಬರ್ 1ರಂದು ಇವೆಲ್ಲ ಒಂದೇ ರಾಜ್ಯವಾದವು. ಏಕೀಕರಣದ ಚರಿತ್ರೆಯಲ್ಲಿ ಗಡಿಯ ಬಗ್ಗೆ, ರಾಜಧಾನಿಯ ಬಗ್ಗೆ ಪುಟಗಟ್ಟಲೆ ಓದುತ್ತೇವೆ. ಬೇರೆ ಬೇರೆ ಆಡಳಿತಗಳ ಮಕ್ಕಳು ಒಂದೇ ರಜೆಯ ಪಟ್ಟಿಗೆ ಬಂದದ್ದೂ ಏಕೀಕರಣವೇ. ಮುಂದೆ ಗೆದ್ದದ್ದು ದಸರೆ. 2024ರಲ್ಲಿ ರಾಜ್ಯದ ಶಾಲೆಗಳಿಗೆ ಅಕ್ಟೋಬರ್ 3ರಿಂದ 20ರವರೆಗೆ ದಸರಾ ರಜೆ ಇತ್ತು. ತಿಂಗಳ ಕೊನೆಗೆ ಬಂದ ದೀಪಾವಳಿಗೆ ಉಳಿದದ್ದು ಹಬ್ಬದ ಬಿಡಿ ದಿನಗಳು. ಕರಾವಳಿಯ ಕೆಲವು ಶಾಲೆಗಳು ಮಾತ್ರ ಅನುಮತಿ ಪಡೆದು, ದಸರೆಯ ರಜೆಯಲ್ಲಿ ಹೊಂದಿಸಿಕೊಂಡು ಕ್ರಿಸ್‌ಮಸ್‌ಗೆ ಬಿಡುವು ಕೊಡುತ್ತವೆ. ಗಡಿ ದಾಟಿದ ಕನ್ನಡ ಮಕ್ಕಳ ಪಾಡು ನೋಡಿ. ಕಾಸರಗೋಡಿನ ಕನ್ನಡ ಶಾಲೆಯ ಹುಡುಗಿಗೆ ದೊಡ್ಡ ಬಿಡುವು ಓಣಂಗೆ, ಮತ್ತೆ ಕ್ರಿಸ್‌ಮಸ್‌ಗೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಯ ಹುಡುಗನಿಗೆ ದೀಪಾವಳಿಗೆ. ಬೆಳಗಾವಿ ಕಡೆಯ ಅವನ ಸೋದರತ್ತೆಯ ಮಕ್ಕಳಿಗೆ ದಸರೆಗೆ. ಮೂವರೂ ಓದುವುದು ಕನ್ನಡದಲ್ಲೇ, ಆದರೆ ಒಂದೇ ವಾರದಲ್ಲಿ ಅಜ್ಜಿಯ ಊರಿನಲ್ಲಿ ಸೇರುವುದು ಕಷ್ಟ.

ದಸರೆಯೂ ಒಂದು ತಾರೀಖಿಗೆ ನಿಲ್ಲುವ ಹಬ್ಬವಲ್ಲ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24, 2024ರಲ್ಲಿ ಅಕ್ಟೋಬರ್ 12, 2025ರಲ್ಲಿ ಅಕ್ಟೋಬರ್ 2. ಚಾಂದ್ರ ವರ್ಷಕ್ಕೆ ಸುಮಾರು 354 ದಿನ. ಸೌರ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಅದಕ್ಕೇ ಹಬ್ಬ ವರ್ಷವರ್ಷವೂ ಹಿಂದಕ್ಕೆ ಜಾರುತ್ತದೆ, ಎರಡು-ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಮತ್ತೆ ಮುಂದಕ್ಕೆ ತಳ್ಳುತ್ತದೆ. 2026ರಲ್ಲಿ ಅಧಿಕ ಜ್ಯೇಷ್ಠ ಸೇರುವುದರಿಂದ ದಸರೆ ಪುನಃ ಅಕ್ಟೋಬರ್ ಮೂರನೆಯ ವಾರಕ್ಕೆ.

ನಮ್ಮ ರೈತ ಮಾತ್ರ ಚಂದ್ರನನ್ನು ನಂಬಿ ಬಿತ್ತುವುದಿಲ್ಲ. ರೋಹಿಣಿ ಮಳೆ ಮೇ 25ರ ಹೊತ್ತಿಗೆ, ಮೃಗಶಿರ ಜೂನ್ 7-8ಕ್ಕೆ, ಹಸ್ತ ಸೆಪ್ಟೆಂಬರ್ ಕೊನೆಗೆ, ಚಿತ್ತೆ ಅಕ್ಟೋಬರ್ 10ರ ಹೊತ್ತಿಗೆ. ಇವು ಸೂರ್ಯ ಆಯಾ ನಕ್ಷತ್ರಕ್ಕೆ ಬರುವ ದಿನಗಳು, ಆದ್ದರಿಂದ ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲುವುದಿಲ್ಲ. ಹೀಗೆ ನಮ್ಮ ಹಳ್ಳಿಯ ಮಗುವಿನ ಮೇಲೆ ಮೂರು ಪಂಚಾಂಗಗಳು ಏಕಕಾಲಕ್ಕೆ ನಡೆಯುತ್ತವೆ: ಶಾಲೆಗೆ ಇಂಗ್ಲಿಷ್ ತಾರೀಖು, ಹಬ್ಬಕ್ಕೆ ಚಂದ್ರ, ಹೊಲಕ್ಕೆ ಸೂರ್ಯ. ಇವು ಹೊಂದದಿದ್ದಾಗ ಬಿಟ್ಟುಹೋಗುವುದು ಶಾಲೆಯೇ.

ಎಲ್ಲಿ ಹೊಂದುವುದಿಲ್ಲ ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ಫೆಬ್ರವರಿ ತಿಂಗಳಲ್ಲಿ ನವಲಗುಂದದ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಆರನೆಯ ತರಗತಿಯ ಪಾಠವನ್ನು ಸೆರೆಹಿಡಿಯಬೇಕಾಗಿತ್ತು. ಕೋಣೆಯಲ್ಲಿ ಅರ್ಧ ಬೆಂಚುಗಳು ಖಾಲಿ. ಕ್ಯಾಮರಾದವರು ಬೇಸರಪಟ್ಟುಕೊಂಡರು. ಎದುರು ಸಾಲಿನ ಹುಡುಗಿಯನ್ನು ಕೇಳಿದೆ, ಉಳಿದವರೆಲ್ಲ ಎಲ್ಲವ್ವಾ ಎಂದು. “ಮೆಣಸಿನಕಾಯಿ ಬಿಡಸಾಕ ಹೋಗ್ಯಾರ್ರೀ ಸರ. ನಾನೂ ನಾಳಿಂದ ಹೊಕ್ಕೇನ್ರೀ” ಎಂದಳು. ಅವಳ ದನಿಯಲ್ಲಿ ಬೇಸರವೂ ಇರಲಿಲ್ಲ, ತಪ್ಪು ಮಾಡುತ್ತಿರುವ ಅಳುಕೂ ಇರಲಿಲ್ಲ. ವಾರ್ಷಿಕ ಪರೀಕ್ಷೆಗೆ ಉಳಿದದ್ದು ತಿಂಗಳು-ಒಂದೂವರೆ ತಿಂಗಳು.

ಧಾರವಾಡ ಜಿಲ್ಲೆಯ ನಕಾಶೆಯನ್ನು ಎದುರಿಗೆ ಇಟ್ಟುಕೊಳ್ಳಿ. ಪಶ್ಚಿಮಕ್ಕೆ ಕಲಘಟಗಿ, ಅಳ್ನಾವರ: ಮಲೆನಾಡಿನ ಸೆರಗು, ಭತ್ತದ ಸೀಮೆ, ಮುಂಗಾರಿನ ಬೆಳೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿ: ಎರೆಯ ಹೊಲಗಳು, ಹಿಂಗಾರಿ ಜೋಳ, ಕಡಲೆ, ಕುಸುಬಿ, ಹತ್ತಿ, ಮೆಣಸಿನಕಾಯಿ. ಭತ್ತದ ಕೊಯ್ಲು ದೀಪಾವಳಿಯ ಆಸುಪಾಸಿಗೆ ಆರಂಭವಾದರೆ, ಎರೆಯ ನಾಡಿನ ಸುಗ್ಗಿ ಸಂಕ್ರಾಂತಿ ಕಳೆದ ಮೇಲೆ. ಒಂದೇ ಜಿಲ್ಲೆಯಲ್ಲಿ ಎರಡು ಸುಗ್ಗಿ! ದೀಪಾವಳಿಯ ಬಿಡುವು ಪಶ್ಚಿಮದ ಮಕ್ಕಳಿಗೆ ತಾನಾಗಿ ಹೊಂದುತ್ತಿತ್ತು. ಪೂರ್ವದ ಮಕ್ಕಳಿಗೆ ಹಳೆಯ ಪಟ್ಟಿಯೂ ಒದಗಲಿಲ್ಲ, ಹೊಸದೂ ಒದಗಲಿಲ್ಲ.

ಹೊರಗಿನ ದೇಶಗಳಲ್ಲಿ ಇದಕ್ಕೆ ಹೊಂದಾಣಿಕೆ ನಡೆದಿದೆ. ಸ್ಕಾಟ್ಲೆಂಡಿನಲ್ಲಿ ಅಕ್ಟೋಬರ್ ಬಿಡುವನ್ನು ಜನ ಇಂದಿಗೂ ‘ಆಲೂಗಡ್ಡೆ ರಜೆ’ ಎನ್ನುತ್ತಾರೆ, ಮಕ್ಕಳು ಆಲೂಗಡ್ಡೆ ಆರಿಸಲು ಹೊಲಕ್ಕೆ ಹೋಗುತ್ತಿದ್ದ ಕಾಲದ ನೆನಪಾಗಿ. ಅಮೆರಿಕದ ಉದ್ದನೆಯ ಬೇಸಿಗೆ ರಜೆ ಬೇಸಾಯಕ್ಕಾಗಿ ಬಂದದ್ದೆಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಅಲ್ಲಿಯ ಹಳ್ಳಿಯ ಶಾಲೆಗಳು ಹಿಂದೆ ಚಳಿಗಾಲ ಮತ್ತು ಬೇಸಿಗೆಯಲ್ಲಿ ನಡೆದು, ಬಿತ್ತುವ ವಸಂತಕ್ಕೆ, ಕೊಯ್ಯುವ ಶರತ್ಕಾಲಕ್ಕೆ ಮುಚ್ಚುತ್ತಿದ್ದವು. ನಮ್ಮಲ್ಲಿಯೇ ಕಾಶ್ಮೀರವನ್ನು ನೋಡಿ. ಹಿಮದ ಕಾರಣ ಅಲ್ಲಿ ಪರೀಕ್ಷೆ ಚಳಿಗಾಲಕ್ಕೆ ಮೊದಲೇ ಮುಗಿಯುತ್ತಿತ್ತು. 2022ರಲ್ಲಿ ಅದನ್ನು ದೇಶದ ಉಳಿದ ಭಾಗದಂತೆ ಮಾರ್ಚ್‌ಗೆ ತಂದರು. 2024ರಲ್ಲಿ ಮತ್ತೆ ಹಳೆಯ ಪದ್ಧತಿಗೇ ಹೋದರು.

ಮಕ್ಕಳನ್ನು ಕೂಲಿಗೆ ಕಳಿಸಲು ರಜೆ ಕೊಡಬೇಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮಗುವಿನ ಜಾಗ ಹೊಲವಲ್ಲ, ಶಾಲೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅವ್ವ-ಅಪ್ಪ ಇಬ್ಬರೂ ಬೆಳಗಾಗುವ ಮೊದಲೇ ಹೊಲಕ್ಕೆ ಹೋದಾಗ ಮನೆ, ದನ, ಚಿಕ್ಕ ತಮ್ಮ ಎಲ್ಲವೂ ಆ ಹನ್ನೊಂದು ವರ್ಷದ ಹುಡುಗಿಯ ಪಾಲಿಗೆ ಬರುತ್ತವೆ. ಆ ಹದಿನೈದು ದಿನ ಶಾಲೆ ಮುಚ್ಚಿದ್ದರೆ ಅವಳಿಗೆ ಪಾಠ ತಪ್ಪುವುದಿಲ್ಲ, ತೆರೆದಿದ್ದರೆ ತಪ್ಪುತ್ತದೆ. ತಪ್ಪಿದ ಪಾಠ ಅವಳೊಬ್ಬಳದೇ ಆಗುತ್ತದೆ. ಎರೆಯ ಸೀಮೆಯ ತಾಲ್ಲೂಕುಗಳಿಗೆ ಅಕ್ಟೋಬರ್ ರಜೆಯ ಒಂದು ಭಾಗವನ್ನು ಫೆಬ್ರವರಿಗೆ ಸರಿಸಿಕೊಳ್ಳುವ ಅಧಿಕಾರ ಇರಬೇಕೆಂದು ನನ್ನ ಅಭಿಪ್ರಾಯ. ಕರಾವಳಿಯಲ್ಲಿ ಕ್ರಿಸ್‌ಮಸ್‌ಗೆ ಮಾಡಲು ಸಾಧ್ಯವಾದದ್ದು ಇಲ್ಲಿ ಸುಗ್ಗಿಗೆ ಏಕೆ ಆಗಬಾರದು? ಇದು ಕ್ರಾಂತಿಕಾರಿ ಮಾತೇನೂ ಅಲ್ಲ. ಶಾಲೆಯ ವೇಳೆಯೂ ರಜೆಗಳೂ ಮಕ್ಕಳ ಅನುಕೂಲಕ್ಕೆ ತಕ್ಕಂತಿರಬೇಕೆಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ದಿನಗಳ ಲೆಕ್ಕವೂ ಇದಕ್ಕೆ ಅಡ್ಡಿಯಲ್ಲ. 1964–66ರ ಕೊಠಾರಿ ಆಯೋಗ ಶಾಲೆಗಳಿಗೆ ವರ್ಷಕ್ಕೆ 39 ವಾರಗಳ ಪಾಠ ಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೆಯ ತರಗತಿಯವರೆಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಎಂದು ನಿಗದಿ ಮಾಡಿತು. ಎಷ್ಟು ದಿನ ಎಂಬುದನ್ನು ಕಾಯ್ದೆ ಹೇಳುತ್ತದೆ. ಆ ದಿನಗಳನ್ನು ಹೊಂದಿಸಿಕೊಳ್ಳಲು ಉಳಿದ ಐದು ತಿಂಗಳಿದೆ.

ಬಿಡುವು ಎಲ್ಲರಿಗೂ ಸಂತೋಷದ ಸಂಗತಿ ಎಂದು ಎಣಿಸಬೇಡಿ. ಶಾಲೆ ಮುಚ್ಚಿದರೆ ಮಧ್ಯಾಹ್ನದ ಬಿಸಿಯೂಟವೂ ನಿಲ್ಲುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಮರುವರ್ಷದ ಬೇಸಿಗೆ ರಜೆಯಲ್ಲಿ ಆ ತಾಲ್ಲೂಕುಗಳ ಮಕ್ಕಳಿಗಾಗಿ ಶಾಲೆಯ ಅಡುಗೆಮನೆಯನ್ನು ತೆರೆದಿಡಬೇಕಾಯಿತು. ಪಾಠವಿಲ್ಲದ ಶಾಲೆಗೆ ತಟ್ಟೆ ಹಿಡಿದು ಬರುವ ಮಕ್ಕಳಿಗೆ ಏಪ್ರಿಲ್ 11 ರಜೆಯ ಮೊದಲ ದಿನವಲ್ಲ.

ಪಟ್ಟಿಯನ್ನು ಕದಲಿಸಲು ಆಗುವುದಿಲ್ಲ ಎನ್ನುವವರಿಗೆ ಇತ್ತೀಚಿನ ವರ್ಷಗಳೇ ಉತ್ತರ. 2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಮುಚ್ಚಿದ ಶಾಲೆ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ ದೂರದರ್ಶನದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಟಿ.ವಿ. ಪಾಠಕ್ಕೆ ರಜೆಯ ತೊಡಕಿಲ್ಲ ಎಂದು ನಮ್ಮ ವೃತ್ತಿಯವರು ಹೆಮ್ಮೆಪಟ್ಟದ್ದೂ ಉಂಟು. ಆದರೆ ಟಿ.ವಿ. ಇಲ್ಲದ ಮನೆಯೂ, ಕರೆಂಟು ಇಲ್ಲದ ಹೊತ್ತೂ ಇದ್ದವಲ್ಲ. ಕಲಿಕೆಯ ಕೊರತೆಯನ್ನು ತುಂಬಲು 2022ರಲ್ಲಿ ಶಾಲೆಗಳು ಮೇ 16ಕ್ಕೇ ಆರಂಭವಾದವು. 2025ರಲ್ಲಿ ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ದಸರಾ ರಜೆಯನ್ನು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಕಾರಣ, ಶಿಕ್ಷಕರು ರಾಜ್ಯದ ಸಮೀಕ್ಷೆಯ ಕೆಲಸದಲ್ಲಿದ್ದರು. ಅದೇ ವರ್ಷ ನೆರೆಯ ಗೋವಾ ಆರನೆಯ ತರಗತಿಯಿಂದ ಮೇಲಕ್ಕೆ ಹೊಸ ವರ್ಷವನ್ನು ಜೂನ್‌ನಿಂದ ಏಪ್ರಿಲ್‌ಗೆ ತಂದಿತು, ಸೆಕೆಯಲ್ಲಿ ಮಕ್ಕಳನ್ನು ಕೂಡಿಸುತ್ತೀರಾ ಎಂದು ಪಾಲಕರು ಪ್ರತಿಭಟಿಸಿದರು. ಕೇರಳದ ಶಿಕ್ಷಣ ಸಚಿವರು ಇದಕ್ಕೆ ವಿರುದ್ಧ ದಿಕ್ಕಿನ ಮಾತನ್ನು ಚರ್ಚೆಗೆ ಇಟ್ಟರು: ಮಳೆಯಿಂದ ಪಾಠ ನಿಲ್ಲುವ ಜೂನ್-ಜುಲೈಗೇ ರಜೆ ಕೊಟ್ಟು ಏಪ್ರಿಲ್-ಮೇಯಲ್ಲಿ ಶಾಲೆ ನಡೆಸಿದರೆ ಹೇಗೆ? ಹುಬ್ಬಳ್ಳಿಯ ಒಂದೇ ಓಣಿಯಲ್ಲಿ ಇಂದು ಕೇಂದ್ರೀಯ ಪಠ್ಯಕ್ರಮದ ಶಾಲೆಯ ಹುಡುಗನಿಗೆ ಹೊಸ ವರ್ಷ ಏಪ್ರಿಲ್‌ನಲ್ಲಿ, ಪಕ್ಕದ ಮನೆಯ ಕನ್ನಡ ಸಾಲಿಯ ಹುಡುಗಿಗೆ ಮೇ ಕೊನೆಗೆ.

ಹೌದು, ಮೇ ಕೊನೆಗೆ. ಜೂನ್ 1 ಕೂಡ ಈಗ ಹಳೆಯದಾಗುತ್ತಿದೆ. 2023ರಲ್ಲಿಯೂ 2024ರಲ್ಲಿಯೂ ರಾಜ್ಯದ ಶಾಲೆಗಳು ಮೇ 29ಕ್ಕೇ ತೆರೆದವು. ವಯಸ್ಸಿನ ಲೆಕ್ಕಕ್ಕೆ ಮಾತ್ರ ಜೂನ್ 1 ಉಳಿದುಕೊಂಡಿದೆ. ಒಂದು ಕಾಲಕ್ಕೆ ಅಂದಿಗೆ 5 ವರ್ಷ 10 ತಿಂಗಳು ಆಗಿರಬೇಕೆಂದಿತ್ತು. 2022ರಲ್ಲಿ ಆರು ವರ್ಷ ತುಂಬಿರಬೇಕೆಂದು ಆದೇಶವಾಯಿತು. 2025-26ರ ಒಂದು ವರ್ಷಕ್ಕೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಇನ್ನು ಜನನ-ಮರಣ ನೋಂದಣಿ ಕಾಯ್ದೆಗೆ ಆದ ತಿದ್ದುಪಡಿಯಂತೆ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರು ಶಾಲೆಗೆ ಸೇರಲು ಜನನ ಪ್ರಮಾಣಪತ್ರವೇ ಆಧಾರ. ಆರು ವರ್ಷದ ನಿಯಮವೇ ಉಳಿದರೆ ಆ ಮಕ್ಕಳು ಒಂದನೆಯ ತರಗತಿಗೆ ಬರುವುದು 2030ರಲ್ಲಿ. ಅವರ ರಿಜಿಸ್ಟರಿನಲ್ಲಿ ಜೂನ್ 1 ಎಂದು ಬರೆದಿದ್ದರೆ, ಆ ಮಗು ನಿಜಕ್ಕೂ ಜೂನ್ ಒಂದರಂದೇ ಹುಟ್ಟಿರುತ್ತದೆ.